ಸರಿ-ತಪ್ಪು: ಕಲಿಸುವವರು ಯಾರು?

ಒಬ್ಬ ವಕೀಲರು ಮೋಟಾರ್ ಸೈಕಲ್ಲಿನಲ್ಲಿ ಕೋರ್ಟಿಗೆ ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಇನ್ನೊಬ್ಬರಿದ್ದರು. ದಾರಿಯಲ್ಲಿ ಹಿಂದಿನ ಚಕ್ರ ಒಡೆಯಿತು. ಹಿಂದೆ ಕುಳಿತಿದ್ದವರು ಗಾಬರಿಯಿಂದ ಕೆಳಕ್ಕೆ ಹಾರಿದರು, ತಲೆ ನೆಲಕ್ಕೆ ಬಡಿಯಿತು. ವಕೀಲರು ಅವರನ್ನು ಹತ್ತಿರದ ಆಸ್ಪತ್ರೆಗೆ ಮುಟ್ಟಿಸಿದರು. ಆದರೆ ಪೆಟ್ಟು ಎಷ್ಟು ಗಂಭೀರ, ಬೇರೆ ಕಡೆಗೆ ಸಾಗಿಸಬೇಕೇ ಎಂದು ಡಾಕ್ಟರನ್ನು ವಿಚಾರಿಸದೆ ತಮ್ಮ ಕೆಲಸಕ್ಕೆಂದು ಕೋರ್ಟಿಗೆ ಹೊರಟುಹೋದರು. ಗಾಯಾಳು ತೀರಿಕೊಂಡರು.

ವಕೀಲರು ಮಾಡಿದ್ದು ತಪ್ಪು ಎಂಬುದರಲ್ಲಿ ಈ ಘಟನೆಯನ್ನು ಹೇಳಿದ ಭಾರತೀಯನಿಗೆ ಅನುಮಾನವಿರಲಿಲ್ಲ. ಕೇಳಿದವರಿಗೂ ಇರಲಿಕ್ಕಿಲ್ಲ. ಪ್ರಶ್ನೆ ಇದ್ದದ್ದು ಬೇರೆ: ಅವರು ಹಾಗೇಕೆ ಮಾಡಿದರು? ಅಮೆರಿಕದ ಷಿಕಾಗೋ ನಗರದವರ ಉತ್ತರ, ಆತ ಬೇಜವಾಬ್ದಾರಿ ಮನುಷ್ಯ, ತನ್ನ ವೃತ್ತಿಯಲ್ಲಿ ಮೇಲೇರುವುದೊಂದೇ ಅವನಿಗೆ ಮುಖ್ಯ ಎಂದಿತ್ತು. ಮೈಸೂರಿನವರು ಹೇಳಿದ್ದು ಇನ್ನೊಂದು: ಕಕ್ಷಿದಾರನಿಗಾಗಿ ಆ ಹೊತ್ತಿಗೆ ಕೋರ್ಟಿನಲ್ಲಿ ಇರಬೇಕಾದದ್ದು ಅವರ ಕರ್ತವ್ಯ, ಗಾಬರಿಯಲ್ಲಿ ತೋಚದೆಯೂ ಹೋಗಿರಬಹುದು, ಗಾಯಾಳು ಮೇಲುನೋಟಕ್ಕೆ ಅಷ್ಟು ಕೆಟ್ಟಿರುವಂತೆ ಕಾಣದೆಯೂ ಇದ್ದಿರಬಹುದು.

ಈ ಎರಡು ಊರುಗಳ ಉತ್ತರಗಳನ್ನು ಎದುರುಬದುರು ಇಟ್ಟು ನೋಡಿದವರು ಜೋನ್ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ. 1984ರಲ್ಲಿ ಪ್ರಕಟವಾದ ಅವರ ಅಧ್ಯಯನ ಆ ಕ್ಷೇತ್ರದಲ್ಲಿ ಇಂದಿಗೂ ಮತ್ತೆ ಮತ್ತೆ ಉದ್ಧೃತವಾಗುತ್ತದೆ. ಜನರಿಗೆ ತಮ್ಮ ಪರಿಚಿತರು ಮಾಡಿದ ಒಳ್ಳೆಯ ಕೆಲಸ, ಕೆಟ್ಟ ಕೆಲಸಗಳನ್ನು ನೆನೆದು ಹೇಳುವಂತೆ ಕೇಳಿ, ಅವಕ್ಕೆ ಅವರೇ ಕಾರಣ ಕೊಡುವಂತೆ ಮಾಡಿದರು. ಅಮೆರಿಕದ ವಯಸ್ಕರು ಕೊಟ್ಟ ಕಾರಣಗಳಲ್ಲಿ ಸುಮಾರು ಶೇ 40ರಷ್ಟು ಮನುಷ್ಯನ ಸ್ವಭಾವಕ್ಕೆ ಸಂಬಂಧಿಸಿದವು: ಅವನು ಜಿಪುಣ, ಅವಳು ಉದಾರಿ, ಇವನು ಹೇಡಿ. ಮೈಸೂರಿನ ಮಧ್ಯಮ ವರ್ಗದ ಹಿಂದೂಗಳಲ್ಲಿ ಇಂಥ ಕಾರಣಗಳು ಶೇ 20ನ್ನೂ ಮುಟ್ಟಲಿಲ್ಲ. ಸಂದರ್ಭ, ಸಂಬಂಧ, ಹೊಣೆಗಳ ಮಾತು ಬಂದಾಗ ಲೆಕ್ಕ ತಿರುಗುಮುರುಗಾಯಿತು.

ಇಷ್ಟಕ್ಕೆ ನಿಂತಿದ್ದರೆ ಪೂರ್ವ-ಪಶ್ಚಿಮಗಳ ಹಳೆಯ ಕಥೆಗೆ ಇನ್ನೊಂದು ಸೇರ್ಪಡೆಯಾಗುತ್ತಿತ್ತು, ಅಷ್ಟೆ. ಮಿಲ್ಲರ್ ಇನ್ನೊಂದು ಹೆಜ್ಜೆ ಹೋದರು. 8, 11 ಮತ್ತು 15 ವರ್ಷದ ಮಕ್ಕಳನ್ನೂ ಮಾತನಾಡಿಸಿದರು. ಎಂಟು ವರ್ಷದ ಮಕ್ಕಳಲ್ಲಿ ಮೈಸೂರು ಯಾವುದು, ಷಿಕಾಗೋ ಯಾವುದು ಎಂದು ಹೇಳುವುದು ಕಷ್ಟವಾಗಿತ್ತು. ಇಬ್ಬರ ಉತ್ತರಗಳೂ ಹೆಚ್ಚುಕಡಿಮೆ ಒಂದೇ. ವಯಸ್ಸು ಏರಿದಂತೆ ಒಂದು ಕಡೆ ಸ್ವಭಾವದ ಮಾತು ಬೆಳೆಯಿತು, ಇನ್ನೊಂದು ಕಡೆ ಸಂದರ್ಭದ ಮಾತು. ಮಗು ಮೈಸೂರಿನದಾಗಿ ಹುಟ್ಟುವುದಿಲ್ಲ, ಮೈಸೂರಿನದಾಗಿ ಬೆಳೆಯುತ್ತದೆ. ಹಾಗಾದರೆ ಬೆಳೆಸುವುದು ಯಾವುದು? ಪುಸ್ತಕವೇ, ತಂದೆತಾಯಿಯೇ, ಓರಗೆಯವರೇ, ಬಡತನ-ಸಿರಿತನವೇ?

ಭಾಷೆಗೆ ಇದರ ಸುಳಿವು ಮೊದಲಿನಿಂದಲೂ ಇದೆ. ಇಂಗ್ಲಿಷಿನಲ್ಲಿ ನೀತಿಗಿರುವ ಎರಡು ಪದಗಳಲ್ಲಿ ಒಂದು ಲ್ಯಾಟಿನ್ನಿನಿಂದ, ಇನ್ನೊಂದು ಗ್ರೀಕಿನಿಂದ ಬಂದದ್ದು. ಎರಡರ ಮೂಲ ಅರ್ಥವೂ ರೂಢಿ ಎಂದೇ. ನಮ್ಮ ನಡತೆ, ನಡವಳಿಕೆಗಳು ನಡೆ ಎಂಬುದರಿಂದ ಬಂದವು. ನೀತಿ ಎಂಬ ಸಂಸ್ಕೃತ ಪದದ ಧಾತುವಿಗೆ ಕರೆದೊಯ್ಯುವುದು ಎಂಬ ಅರ್ಥ. ಒಬ್ಬನೇ ಕುಳಿತು ಕಂಡುಕೊಳ್ಳುವುದಕ್ಕಿಂತ ಹತ್ತು ಜನ ನಡೆದ ದಾರಿಯಲ್ಲಿ ನಡೆಯುವುದು ಎಂಬ ಧ್ವನಿಯೇ ಈ ಮಾತುಗಳಲ್ಲೆಲ್ಲ ಹೆಚ್ಚು.

ಗೋಲಿಯಾಟದ ಕಾನೂನು

ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಒಂದು ಪ್ರಸಂಗವನ್ನು ಹೇಳುತ್ತಾನೆ. ಪರ್ಷಿಯದ ದೊರೆ ಡೇರಿಯಸ್ ತನ್ನ ಆಸ್ಥಾನದಲ್ಲಿದ್ದ ಗ್ರೀಕರನ್ನು ಕರೆದು, ಎಷ್ಟು ಹಣ ಕೊಟ್ಟರೆ ಸತ್ತ ತಂದೆಯ ದೇಹವನ್ನು ತಿನ್ನುವಿರಿ ಎಂದು ಕೇಳಿದನಂತೆ. ಯಾವ ಬೆಲೆಗೂ ಇಲ್ಲ ಎಂದರು ಅವರು. ಆಮೇಲೆ ತಂದೆತಾಯಿಯ ಶವವನ್ನು ತಿನ್ನುವ ಪದ್ಧತಿಯುಳ್ಳ ಕಲ್ಲಾಟಿಯರೆಂಬ ಭಾರತದ ಜನರನ್ನು ಕರೆಸಿ, ಎಷ್ಟು ಹಣಕ್ಕೆ ಸುಡುವಿರಿ ಎಂದು ಕೇಳಿದ. ಅಂಥ ಮಾತನ್ನು ಆಡಲೂಬೇಡ ಎಂದು ಅವರು ಕೂಗಿಕೊಂಡರು. ಅಂಥ ಜನ ನಿಜಕ್ಕೂ ಇದ್ದರೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಹೆರೊಡೊಟಸ್ ಅದರಿಂದ ತೆಗೆದ ತೀರ್ಮಾನ ಎರಡು ಸಾವಿರ ವರ್ಷ ನಿಂತಿತು: ರೂಢಿಯೇ ಎಲ್ಲರಿಗೂ ಅರಸು.

ಇದನ್ನು ಸಮಾಜಶಾಸ್ತ್ರದ ಭಾಷೆಯಲ್ಲಿ ಗಟ್ಟಿಯಾಗಿ ನಿಲ್ಲಿಸಿದವನು ಫ್ರಾನ್ಸಿನ ಎಮಿಲ್ ದುರ್ಖೈಮ್ (1858-1917). ನೀತಿಗೆ ಒಂದು ವಿಚಿತ್ರ ಗುಣವಿದೆ, ಅದು ನಮ್ಮೊಳಗಿನಿಂದಲೇ ಮಾತನಾಡಿದರೂ ನಮಗಿಂತ ಮೇಲಿನಿಂದ ಅಪ್ಪಣೆ ಕೊಟ್ಟಂತೆ ಕೇಳುತ್ತದೆ ಎಂದು ಅವನು ಗಮನಿಸಿದ. ಹಿಂದಿನವರು ಆ ಮೇಲಿನದನ್ನು ದೇವರೆಂದರು. ದುರ್ಖೈಮನಿಗೆ ಅದು ಸಮಾಜ. ಶಾಲೆಯಲ್ಲಿ ಮೇಷ್ಟ್ರು ಸಮಾಜದ ಪ್ರತಿನಿಧಿ. ಮಗು ಅವರಿಂದ ಶಿಸ್ತನ್ನು ಕಲಿತು ಸಮಾಜದ್ದಾಗುತ್ತದೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಗೆ ಈ ಮಾತು ಅರ್ಧ ಮಾತ್ರ ಸರಿಯೆನಿಸಿತು. ಅವನು ಮೇಷ್ಟ್ರನ್ನು ಬಿಟ್ಟು ಬೀದಿಗೆ ಹೋದ. ಜಿನೀವಾ ಮತ್ತು ನ್ಯೂಷಾಟೆಲ್‌ಗಳ ಹುಡುಗರ ಜೊತೆ ಕುಳಿತು, ನನಗೂ ಗೋಲಿಯಾಟ ಹೇಳಿಕೊಡಿ ಎಂದ. 1932ರಲ್ಲಿ ಬಂದ ಅವನ ಪುಸ್ತಕ ಶುರುವಾಗುವುದು ಈ ಗೋಲಿಗಳಿಂದಲೇ. ಗೋಲಿಯಾಟದ ಕಾನೂನನ್ನು ಯಾವ ದೊಡ್ಡವರೂ ಹೇಳಿಕೊಡುವುದಿಲ್ಲ; ಹುಡುಗರಿಂದ ಹುಡುಗರಿಗೆ ಇಳಿದು ಬರುತ್ತದೆ. ಈ ಕಾನೂನು ಎಲ್ಲಿಂದ ಬಂತು, ಬದಲಾಯಿಸಬಹುದೇ ಎಂದು ಪಿಯಾಜೆ ಕೇಳಿದ. ಚಿಕ್ಕವರು, ಅಂದರೆ ಐದಾರು ವರ್ಷದವರು, ಅದನ್ನು ಅಪ್ಪನೋ ದೇವರೋ ಊರ ಹಿರಿಯರೋ ಮಾಡಿದ್ದೆಂದರು; ಬದಲಾಯಿಸಿದರೆ ಅದು ಮೋಸ. ತಮಾಷೆಯೆಂದರೆ ಹೀಗೆ ಹೇಳಿದ ಮಕ್ಕಳೇ ಆಡುವಾಗ ಮನಸ್ಸಿಗೆ ಬಂದಂತೆ ಆಡುತ್ತಿದ್ದರು. ಹತ್ತು ಹನ್ನೆರಡು ದಾಟಿದವರ ಉತ್ತರ ಬೇರೆ: ಎಲ್ಲರೂ ಒಪ್ಪಿದರೆ ಬದಲಾಯಿಸಬಹುದು. ಅವರು ಕಾನೂನನ್ನು ಚಿಕ್ಕವರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದರು ಕೂಡ.

ಪಿಯಾಜೆ ಇದಕ್ಕೆ ಕೊಟ್ಟ ಒಂದು ವಿವರಣೆ ಸೊಗಸಾಗಿದೆ. ಆ ಊರುಗಳಲ್ಲಿ ಹುಡುಗರು ಹದಿಹರೆಯಕ್ಕೆ ಬಂದ ಮೇಲೆ ಗೋಲಿಯಾಟ ಬಿಡುತ್ತಿದ್ದರು. ಆದ್ದರಿಂದ ಹನ್ನೆರಡರ ಹುಡುಗನಿಗೆ ಆ ಆಟದಲ್ಲಿ ಮೇಲಿನವರು ಯಾರೂ ಇಲ್ಲ. ಅವನೇ ಊರ ಹಿರಿಯ. ಹೆದರುವುದಕ್ಕೆ ಯಾರೂ ಇಲ್ಲದಾಗ ಉಳಿಯುವುದು ಎದುರಿಗಿರುವ ಸರೀಕ. ಅವನಿಗೆ ಒಪ್ಪಿಗೆಯಾಗದೆ ಆಟ ನಡೆಯದು. ದುರ್ಖೈಮ್ ಹೇಳಿದ ಸಮಾಜದಲ್ಲಿ ಎರಡು ಬಗೆಯ ಸಂಬಂಧಗಳಿವೆ, ಹಿರಿಯರೊಡನೆಯದು ಮತ್ತು ಸರೀಕರೊಡನೆಯದು. ಮೊದಲನೆಯದರಿಂದ ವಿಧೇಯತೆ ಬರುತ್ತದೆ, ನ್ಯಾಯ ಬರುವುದು ಎರಡನೆಯದರಿಂದ ಎಂಬುದು ಪಿಯಾಜೆಯ ವಾದ.

ಅವನ ಇನ್ನೊಂದು ಪ್ರಶ್ನೆ ಬಟ್ಟಲುಗಳದ್ದು. ಊಟಕ್ಕೆ ಕರೆದರೆಂದು ಬಂದ ಹುಡುಗನೊಬ್ಬ ಬಾಗಿಲು ತಳ್ಳಿದಾಗ, ಅದರ ಹಿಂದಿದ್ದ ತಟ್ಟೆಯಲ್ಲಿನ 15 ಬಟ್ಟಲುಗಳು ಒಡೆದವು. ಇನ್ನೊಬ್ಬ ತಾಯಿ ಇಲ್ಲದ ಹೊತ್ತಿನಲ್ಲಿ ಜಾಮ್ ಕದಿಯಲು ಕಪಾಟಿಗೆ ಕೈಹಾಕಿ ಒಂದು ಬಟ್ಟಲು ಒಡೆದ. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳಲ್ಲಿ ಅನೇಕರು 15 ಒಡೆದವನದು ಎಂದರು. ದೊಡ್ಡ ಮಕ್ಕಳು ಕದಿಯ ಹೋದವನದು ಎಂದರು. ಎಣಿಕೆಯಿಂದ ಉದ್ದೇಶದ ಕಡೆಗೆ ಸಾಗುವುದೇ ನೈತಿಕ ಬೆಳವಣಿಗೆ ಎಂದು ಬಹುಕಾಲ ಭಾವಿಸಲಾಗಿತ್ತು. ಇದೂ ಅಷ್ಟು ಸರಳವಲ್ಲ ಎಂದು ಈಗ ತಿಳಿದಿದೆ. 2016ರಲ್ಲಿ ಪ್ರಕಟವಾದ, ಹತ್ತು ಸಮಾಜಗಳಲ್ಲಿ ನಡೆಸಿದ ಅಧ್ಯಯನವೊಂದರಲ್ಲಿ ಉದ್ದೇಶಕ್ಕೆ ಕೊಡುವ ತೂಕ ಒಂದೊಂದು ಕಡೆ ಒಂದೊಂದು ರೀತಿ ಇತ್ತು. ಫಿಜಿಯ ಯಸಾವಾ ದ್ವೀಪದ ವಯಸ್ಕರು ಅದಕ್ಕೆ ಬಹಳ ಕಡಿಮೆ ತೂಕ ಕೊಟ್ಟರು. ಪೆಸಿಫಿಕ್ ದ್ವೀಪಗಳ ಕೆಲವು ಸಮಾಜಗಳಲ್ಲಿ ಇನ್ನೊಬ್ಬರ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಿ ಮಾತನಾಡುವುದೇ ಸಲ್ಲದ ನಡತೆ. ಅಲ್ಲಿನವರನ್ನು ಮಕ್ಕಳಂಥವರು ಎನ್ನುವುದು ದಡ್ಡತನವಾದೀತು.

ಅಂಥ ದಡ್ಡತನಕ್ಕೆ ಹತ್ತಿರ ಬಂದ ಸಿದ್ಧಾಂತವೊಂದು ಮಧ್ಯದಲ್ಲಿ ಬಂದುಹೋಯಿತು. 1958ರಲ್ಲಿ ಷಿಕಾಗೋದ ಲಾರೆನ್ಸ್ ಕೊಲ್‌ಬರ್ಗ್ ಹುಡುಗರಿಗೆ ಒಗಟಿನಂಥ ಕಥೆಗಳನ್ನು ಹೇಳಿ, ಅವರ ಉತ್ತರಗಳಿಂದ ಆರು ಮೆಟ್ಟಿಲುಗಳ ಏಣಿಯೊಂದನ್ನು ಕಟ್ಟಿದ. ಸಾಯುತ್ತಿರುವ ಹೆಂಡತಿಗಾಗಿ ಗಂಡ ಔಷಧಿ ಕದಿಯಬಹುದೇ ಎಂಬುದು ಅವುಗಳಲ್ಲಿ ಪ್ರಸಿದ್ಧವಾದದ್ದು. ಏಣಿಯ ತುದಿಯಲ್ಲಿದ್ದದ್ದು ನ್ಯಾಯದ ಅಮೂರ್ತ ತತ್ವಗಳು. 1985ರ ಹೊತ್ತಿಗೆ 27 ದೇಶಗಳ 45 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಮೇಲಿನ ಮೆಟ್ಟಿಲುಗಳಲ್ಲಿ ಸಿಕ್ಕವರು ಬಹುತೇಕ ಪಟ್ಟಣಗಳ ವಿದ್ಯಾವಂತರು. ಹಳ್ಳಿಗಾಡಿನ ಸಮಾಜಗಳಲ್ಲಿ ಅಲ್ಲಿಗೆ ಏರಿದವರು ಸಿಗಲೇ ಇಲ್ಲ ಎನ್ನಬಹುದು. ಪ್ರಪಂಚದ ಹಳ್ಳಿಗಳೆಲ್ಲ ನೀತಿಯಲ್ಲಿ ಹಿಂದುಳಿದಿವೆ ಎಂದು ಒಪ್ಪಬೇಕು, ಇಲ್ಲವೇ ಏಣಿಯನ್ನೇ ಅನುಮಾನಿಸಬೇಕು. ಅನುಮಾನಿಸಿದವರೇ ಹೆಚ್ಚು. 1982ರಲ್ಲಿಯೇ ಕ್ಯಾರಲ್ ಗಿಲ್ಲಿಗನ್, ಈ ಏಣಿ ಗಂಡುಮಕ್ಕಳ ಮಾತಿನಿಂದಲೇ ಕಟ್ಟಿದ್ದು, ಆರೈಕೆ ಮತ್ತು ಹೊಣೆಯ ಭಾಷೆಯಲ್ಲಿ ಯೋಚಿಸುವ ಹೆಂಗಸರಿಗೆ ಇದರಲ್ಲಿ ಜಾಗವಿಲ್ಲ ಎಂದು ಆಕ್ಷೇಪಿಸಿದ್ದರು.

ಭುವನೇಶ್ವರದ ಕೋಳಿ

ಸಂಸ್ಕೃತಿಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡ ಅಧ್ಯಯನ ನಡೆದದ್ದು ಒಡಿಶಾದ ಭುವನೇಶ್ವರದಲ್ಲಿ, ಲಿಂಗರಾಜ ದೇವಾಲಯದ ಸುತ್ತಲಿನ ಹಳೆಯ ಊರಿನಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞ ರಿಚರ್ಡ್ ಶ್ವೇಡರ್, ಒಡಿಶಾದ ಮನಮೋಹನ ಮಹಾಪಾತ್ರ ಮತ್ತು ಮೈಸೂರಿಗೆ ಬಂದಿದ್ದ ಅದೇ ಜೋನ್ ಮಿಲ್ಲರ್ 39 ಸಣ್ಣ ಪ್ರಸಂಗಗಳನ್ನು ಸಿದ್ಧಪಡಿಸಿಕೊಂಡು, ಅಲ್ಲಿನ ಬ್ರಾಹ್ಮಣರ ಮತ್ತು ದಲಿತರ ಮಕ್ಕಳನ್ನೂ ದೊಡ್ಡವರನ್ನೂ ಮಾತನಾಡಿಸಿದರು. ಅವೇ ಪ್ರಸಂಗಗಳನ್ನು ಷಿಕಾಗೋದ ಹೈಡ್ ಪಾರ್ಕ್ ಬಡಾವಣೆಯವರಿಗೂ ಹೇಳಿದರು. ಫಲಿತಾಂಶ 1987ರಲ್ಲಿ ಪ್ರಕಟವಾಯಿತು.

ಎಲ್ಲ 39 ಪ್ರಸಂಗಗಳ ಪೈಕಿ ಬ್ರಾಹ್ಮಣ ಮಕ್ಕಳಿಗೆ ಅತ್ಯಂತ ಘೋರವೆನಿಸಿದ್ದು ಇದು: ತಂದೆ ತೀರಿಕೊಂಡ ಮರುದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿಂದ. ಷಿಕಾಗೋದ ಮಕ್ಕಳಿಗೆ ಇದರಲ್ಲಿ ತಪ್ಪೇನೆಂದೇ ಹೊಳೆಯಲಿಲ್ಲ. ವಿಧವೆಯೊಬ್ಬಳು ವಾರಕ್ಕೆ ಎರಡು ಮೂರು ಸಲ ಮೀನು ತಿನ್ನುತ್ತಾಳೆ ಎಂಬುದೂ ಭುವನೇಶ್ವರದಲ್ಲಿ ಗಂಭೀರ ತಪ್ಪು. ಮಗ ತಂದೆಯನ್ನು ಹೆಸರು ಹಿಡಿದು ಕರೆಯುವುದು ಅಲ್ಲಿ ತಪ್ಪು, ಇಲ್ಲಿ ಮಾಮೂಲು. ಮಾತು ಕೇಳದ ಹೆಂಡತಿಯನ್ನು ಗಂಡ ಹೊಡೆಯುವುದು ಅಮೆರಿಕನ್ನರಿಗೆ ತಪ್ಪು, ಭುವನೇಶ್ವರದವರಲ್ಲಿ ಹಲವರು ಅದನ್ನು ಒಪ್ಪಿದರು. ಎರಡೂ ಊರುಗಳು ಒಂದಾದ ಪ್ರಸಂಗಗಳೂ ಇದ್ದವು. ಕೊಟ್ಟ ಮಾತಿಗೆ ತಪ್ಪುವುದು, ಏನೂ ಮಾಡದ ಪ್ರಾಣಿಯನ್ನು ಒದೆಯುವುದು ಇವು ಎರಡೂ ಕಡೆ ತಪ್ಪೇ.

ಹೆಚ್ಚು ಗಮನಾರ್ಹವಾದದ್ದು ಇನ್ನೊಂದು. ಕೋಳಿ ತಿನ್ನಬಾರದು ಎನ್ನುವುದು ನಮ್ಮೂರಿನ ಪದ್ಧತಿ, ಬೇರೆ ಊರಿನವರು ತಿಂದರೆ ತಿನ್ನಲಿ ಎಂದು ಭುವನೇಶ್ವರದವರು ಹೇಳಲಿಲ್ಲ. ಅದು ಎಲ್ಲರಿಗೂ ಎಲ್ಲ ಕಾಲಕ್ಕೂ ತಪ್ಪು ಎಂದರು. ಪದ್ಧತಿ ಬೇರೆ, ನೀತಿ ಬೇರೆ ಎಂಬ ಗೆರೆಯನ್ನು ಎಲ್ಲ ಮಕ್ಕಳೂ ತಾವಾಗಿಯೇ ಎಳೆಯುತ್ತವೆ ಎಂದು ವಾದಿಸಿದ್ದ ಕ್ಯಾಲಿಫೋರ್ನಿಯದ ಎಲಿಯಟ್ ಟ್ಯೂರಿಯಲ್‌ಗೆ ಇದು ನೇರ ಸವಾಲಾಯಿತು.

ಟ್ಯೂರಿಯಲ್ ಮತ್ತು ಸಂಗಡಿಗರು ಅದೇ ವರ್ಷ ಕೊಟ್ಟ ಉತ್ತರ ಕುತೂಹಲಕರವಾಗಿದೆ. ಆ ಮಕ್ಕಳು ಏಕೆ ಹಾಗೆಂದರು ಎಂದು ಕೇಳಿ ನೋಡಿ ಎಂದರು ಅವರು. ಮಗ ಮೈಲಿಗೆಯ ದಿನಗಳಲ್ಲಿ ನೇಮ ಮುರಿದರೆ ತಂದೆಯ ಆತ್ಮಕ್ಕೆ ಸದ್ಗತಿಯಿಲ್ಲ ಎಂದು ಅವರು ನಂಬುತ್ತಾರೆ. ಮೀನು ಉಷ್ಣ ಪದಾರ್ಥ, ಅದರಿಂದ ವಿಧವೆಯ ಕಾಮನೆ ಕೆರಳಿ ಗಂಡನ ಆತ್ಮಕ್ಕೆ ನೋವಾಗುತ್ತದೆ ಎಂದು ನಂಬುತ್ತಾರೆ. ಹಾಗೆ ನಂಬಿದವನಿಗೆ ಕ್ಷೌರ ಬರಿಯ ಕ್ಷೌರವಲ್ಲ, ತಂದೆಗೆ ಮಾಡುವ ಹಿಂಸೆ. ತಂದೆಯನ್ನು ನೋಯಿಸಬಾರದು ಎಂಬ ನೀತಿ ಷಿಕಾಗೋದಲ್ಲಿಯೂ ಇದೆ. ಸತ್ತ ತಂದೆ ನೋಯಬಲ್ಲ ಎಂಬ ತಿಳಿವಳಿಕೆ ಅಲ್ಲಿಲ್ಲ. ಡೇರಿಯಸ್ಸನ ಆಸ್ಥಾನದಲ್ಲಿಯೂ ನಡೆದದ್ದು ಇದೇ ಅಲ್ಲವೇ? ಗ್ರೀಕರೂ ಕಲ್ಲಾಟಿಯರೂ ಕೂಗಿಕೊಂಡದ್ದು ತಂದೆಯ ಮೇಲಿನ ಗೌರವದಿಂದ. ಜಗಳವಿದ್ದದ್ದು ಗೌರವದ ರೂಪದ ಬಗ್ಗೆ.

ಈ ವಾದ ಬಹಳ ದೂರ ಸಾಗುತ್ತದೆ, ಆದರೆ ಎಲ್ಲವನ್ನೂ ನುಂಗುವುದಿಲ್ಲ. ವಿಧವೆಗೆ ಮೀನು ಉಷ್ಣವಾದರೆ ವಿಧುರನಿಗೆ ಏಕಲ್ಲ? ಲೋಕದ ಬಗೆಗಿನ ತಿಳಿವಳಿಕೆಯೂ ಗಾಳಿಯಲ್ಲಿ ಹುಟ್ಟುವುದಿಲ್ಲ. ಯಾರು ಯಾರನ್ನು ಹದ್ದುಬಸ್ತಿನಲ್ಲಿ ಇಡಬೇಕೋ ಅದಕ್ಕೆ ಬೇಕಾದ ತಿಳಿವಳಿಕೆ ಅಡುಗೆಮನೆಯಲ್ಲಿಯೇ ಸಿದ್ಧವಾಗುತ್ತದೆ.

ಊರುಗಳ ನಡುವಣ ಅಂತರದಷ್ಟೇ ಒಂದೇ ಊರಿನೊಳಗಿನ ಅಂತರವೂ ದೊಡ್ಡದು. ಬ್ರೆಜಿಲ್‌ನ ಎರಡು ನಗರಗಳಲ್ಲಿಯೂ ಅಮೆರಿಕದ ಫಿಲಡೆಲ್ಫಿಯದಲ್ಲಿಯೂ ಜೊನಾಥನ್ ಹೈಟ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯಾರಿಗೂ ತೊಂದರೆಯಾಗದ, ಆದರೆ ಕೇಳಿದರೆ ಹೇಸಿಗೆಯಾಗುವ ಪ್ರಸಂಗಗಳನ್ನು ಮುಂದಿಟ್ಟರು: ಹಳೆಯ ರಾಷ್ಟ್ರಧ್ವಜದಿಂದ ಪಾಯಿಖಾನೆ ತೊಳೆದವಳು, ಕಾರಿಗೆ ಸಿಕ್ಕಿ ಸತ್ತ ತಮ್ಮದೇ ನಾಯಿಯನ್ನು ಬೇಯಿಸಿ ತಿಂದ ಮನೆಯವರು. ಹಣವಂತ ವಿದ್ಯಾವಂತರು ಇದು ಅಸಹ್ಯ, ಆದರೆ ಅವರಿಷ್ಟ ಎಂದರು. ಬಡವರು ಇದು ತಪ್ಪು, ತಡೆಯಬೇಕು ಎಂದರು. ದೇಶದಿಂದ ದೇಶಕ್ಕಿದ್ದ ವ್ಯತ್ಯಾಸಕ್ಕಿಂತ ವರ್ಗದಿಂದ ವರ್ಗಕ್ಕಿದ್ದ ವ್ಯತ್ಯಾಸವೇ ಹೆಚ್ಚಾಗಿತ್ತು.

ಉದ್ದನೆಯ ಪಟ್ಟಿ, ಹಗುರ ತಕ್ಕಡಿ

ಮೈಸೂರಿಗೆ ಹಿಂದಿರುಗೋಣ. 1990ರಲ್ಲಿ ಮಿಲ್ಲರ್ ಮತ್ತು ಸಹೋದ್ಯೋಗಿಗಳು ಇನ್ನೊಂದು ಪ್ರಶ್ನೆ ಕೇಳಿದರು. ಸಹಾಯ ಬೇಕಾದವನಿಗೆ ಸಹಾಯ ಮಾಡದಿದ್ದರೆ ಅದು ತಪ್ಪೇ, ಅಥವಾ ಅವರವರ ಇಷ್ಟವೇ? ಬೇಕಾದವನು ಒಮ್ಮೆ ಮಗು, ಒಮ್ಮೆ ಗೆಳೆಯ, ಒಮ್ಮೆ ಅಪರಿಚಿತ. ಬೇಕಾದ ಸಹಾಯ ಒಮ್ಮೆ ಪ್ರಾಣ ಉಳಿಸುವಂಥದು, ಒಮ್ಮೆ ತೀರ ಸಣ್ಣದು. ಪ್ರಾಣದ ಪ್ರಶ್ನೆ ಬಂದಾಗ ಎರಡೂ ದೇಶದವರು ಒಂದೇ ಮಾತು ಹೇಳಿದರು: ಸಹಾಯ ಮಾಡಲೇಬೇಕು. ಕಷ್ಟ ಕಿರಿದಾದಂತೆ ಅಮೆರಿಕನ್ನರು ಅದನ್ನು ಸ್ವಂತ ಇಷ್ಟದ ವಿಷಯವೆಂದರು. ಮೈಸೂರಿನವರ ದೃಷ್ಟಿಯಲ್ಲಿ ಸಣ್ಣ ಸಹಾಯವೂ ಕರ್ತವ್ಯವೇ, ಅಪರಿಚಿತನಿಗಾದರೂ.

1992ರ ಅಧ್ಯಯನ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಒಂದು ಕಥೆ: ಆಪ್ತ ಗೆಳೆಯನ ಮದುವೆ. ಉಂಗುರಗಳು ಇವನ ಕೈಯಲ್ಲಿವೆ. ರೈಲು ನಿಲ್ದಾಣದಲ್ಲಿ ಪರ್ಸ್ ಕಳವಾಗಿದೆ. ಪಕ್ಕದವನ ಕೋಟಿನ ಜೇಬಿನಲ್ಲಿ ಟಿಕೆಟ್ ಕಾಣುತ್ತಿದೆ. ಕದಿಯಬೇಕೇ, ಮದುವೆ ತಪ್ಪಿಸಬೇಕೇ? ಇಂಥ ಕಥೆಗಳಲ್ಲಿ ಬಹುಪಾಲು ಭಾರತೀಯರು ಗೆಳೆತನದ ಕಡೆ ನಿಂತರು. ಅಮೆರಿಕನ್ನರಲ್ಲಿ ಹಾಗೆ ನಿಂತವರು ಅರ್ಧಕ್ಕಿಂತ ಕಡಿಮೆ. ಅಲ್ಲಿ ಕಳ್ಳತನ ಕಳ್ಳತನವೇ.

ಇದನ್ನು ಓದುವ ಕನ್ನಡಿಗನಿಗೆ ಪುಣ್ಯಕೋಟಿಯ ನೆನಪಾಗದಿರದು. ಹುಲಿಗೆ ಕೊಟ್ಟ ಮಾತು ಒಂದು ಕಡೆ, ಹಾಲು ಕುಡಿಯುವ ಕರು ಇನ್ನೊಂದು ಕಡೆ. ಕರುವನ್ನು ಸಂಗಡಿಗರಿಗೆ ಒಪ್ಪಿಸಿ ಹಸು ಹಿಂದಿರುಗುತ್ತದೆ. ಮೈಸೂರಿನವರು ಸಂಬಂಧವನ್ನೇ ನೆಚ್ಚುವವರು ಎಂಬ ಮಾತನ್ನು ಅವರ ಮಕ್ಕಳು ಶಾಲೆಯಲ್ಲಿ ಕೇಳಿ ಅಳುವ ಈ ಹಾಡೇ ಒಪ್ಪುವುದಿಲ್ಲ. ಒಂದು ಸಂಸ್ಕೃತಿಯಲ್ಲಿ ಒಂದೇ ನೀತಿ ಇರುವುದಿಲ್ಲ. ಹಾಡಿನದು ಒಂದು, ದಿನನಿತ್ಯದ್ದು ಒಂದು.

ಮಿಲ್ಲರರ ತಂಡ ಮರುವರ್ಷ ಇನ್ನೊಂದು ಸಂಗತಿ ಕಂಡಿತು. ತಪ್ಪು ಮಾಡಿದವನು ಭಯದಲ್ಲಿದ್ದ, ಆವೇಶದಲ್ಲಿದ್ದ, ಚಿಕ್ಕವನಾಗಿದ್ದ ಎಂದರೆ ಭಾರತೀಯರು ಅಮೆರಿಕನ್ನರಿಗಿಂತ ಬೇಗ ಮನ್ನಿಸುತ್ತಾರೆ. ಅಂದರೆ ಇಲ್ಲಿ ಕರ್ತವ್ಯಗಳ ಪಟ್ಟಿ ಉದ್ದ, ಅಪರಾಧ ತೂಗುವ ತಕ್ಕಡಿ ಹಗುರ. ಮಾಡಬೇಕಾದದ್ದು ಬೆಟ್ಟದಷ್ಟಿರುವಾಗ, ಮಾಡಲಾಗದವನಿಗೆ ರಿಯಾಯಿತಿ ಇರಲೇಬೇಕಲ್ಲ.

ಈ ವ್ಯವಸ್ಥೆಗೆ ಎರಡು ಮುಖಗಳಿವೆ. ಹಳೆಯ ಮೈಸೂರಿನ ವಾರಾನ್ನ ಅದರ ಒಂದು ಮುಖ. ಊರಿನಿಂದ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ ಉಂಡು ಡಿಗ್ರಿ ಮುಗಿಸುತ್ತಿದ್ದ. ಉಣಬಡಿಸುವವರಿಗೆ ಅದು ದಾನಕ್ಕಿಂತ ಹೆಚ್ಚಾಗಿ, ಆಗಲೇಬೇಕಾದ ಕೆಲಸವಾಗಿತ್ತು. ಆದರೆ ಆ ಎಲೆ ಬೀಳುತ್ತಿದ್ದದ್ದು ಬಹುಮಟ್ಟಿಗೆ ಸ್ವಜಾತಿಯ ಹುಡುಗನಿಗೆ. ಉಳಿದವರಿಗೆ ಬೇರೆ ಬೇರೆ ಜಾತಿಗಳ ವಿದ್ಯಾರ್ಥಿನಿಲಯಗಳು ಆಗಬೇಕಾಯಿತು. ತಮ್ಮವನಿಗೆ ಮಾಡುವುದು ಕರ್ತವ್ಯ ಎಂಬ ನೀತಿ ಆಫೀಸಿಗೆ ಬಂದಾಗ ಅದಕ್ಕೆ ಶಿಫಾರಸು, ವಶೀಲಿ ಎಂಬ ಹೆಸರುಗಳು ಬರುತ್ತವೆ. ಅಲ್ಲಿ ಕುರ್ಚಿಯಲ್ಲಿ ಕುಳಿತವನು ತಾನು ಕೆಟ್ಟ ಕೆಲಸ ಮಾಡುತ್ತಿದ್ದೇನೆಂದು ಭಾವಿಸಿರುವುದೇ ಇಲ್ಲ.

ಹಾಗೆಂದು ಷಿಕಾಗೋದ ಉತ್ತರ ಹೆಚ್ಚು ಖಚಿತವಾದದ್ದೇ? ಅಮೆರಿಕದಲ್ಲಿಯೇ ನಡೆದ ಪ್ರಯೋಗವೊಂದು ಇದಕ್ಕೆ ಅಡ್ಡ ನಿಲ್ಲುತ್ತದೆ. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಇದನ್ನು ಪ್ರಕಟಿಸಿದರು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ಕೆಲವರು ಮಾತನಾಡಬೇಕಿದ್ದದ್ದು ದಾರಿಯಲ್ಲಿ ಬಿದ್ದವನನ್ನು ಉಪಚರಿಸಿದ ಬೈಬಲ್ಲಿನ ಸಮಾರ್ಯದವನ ಕಥೆಯ ಮೇಲೆ. ಓಣಿಯಲ್ಲಿ ಒಬ್ಬ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗಕಾರರ ಕಡೆಯವನು. ಸಾಕಷ್ಟು ಸಮಯವಿದೆ ಎಂದು ಹೇಳಿ ಕಳಿಸಿದವರಲ್ಲಿ ಶೇ 63 ಮಂದಿ ನಿಂತು ನೆರವಾದರು. ಈಗಾಗಲೇ ತಡವಾಗಿದೆ, ಓಡಿ ಎಂದು ಕಳಿಸಿದವರಲ್ಲಿ ನಿಂತವರು ಶೇ 10. ಭಾಷಣದ ವಿಷಯ ಏನಿತ್ತು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ವಕೀಲರಿಗೆ ಕೋರ್ಟಿನ ಅವಸರವಿತ್ತು ಎಂದ ಮೈಸೂರಿನವರು ಬರಿಯ ದಾಕ್ಷಿಣ್ಯದ ಮಾತು ಹೇಳಿರಲಿಲ್ಲ ಎಂದಾಯಿತು.

ಇಷ್ಟೆಲ್ಲ ಸಮಾಜದ್ದೇ ಆದರೆ ಮನುಷ್ಯ ಹುಟ್ಟುವಾಗ ಏನನ್ನೂ ತರುವುದಿಲ್ಲವೇ? 2007ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಆರು ಮತ್ತು ಹತ್ತು ತಿಂಗಳ ಕೂಸುಗಳಿಗೆ ಒಂದು ಗೊಂಬೆಯಾಟ ತೋರಿಸಿದರು. ಗುಡ್ಡ ಹತ್ತುವವನನ್ನು ಒಬ್ಬ ಮೇಲೆ ತಳ್ಳುತ್ತಾನೆ, ಇನ್ನೊಬ್ಬ ಕೆಳಗೆ ದಬ್ಬುತ್ತಾನೆ. ಕೂಸುಗಳು ನೆರವಾದವನ ಕಡೆಗೇ ಕೈಚಾಚಿದವು ಎಂಬ ಸುದ್ದಿ ಬಹಳ ಸದ್ದು ಮಾಡಿತು. 2024ರಲ್ಲಿ ಪ್ರಕಟವಾದ, ಹಲವು ದೇಶಗಳ ಮೂವತ್ತಕ್ಕೂ ಹೆಚ್ಚು ಪ್ರಯೋಗಾಲಯಗಳು ಸೇರಿ ಐನೂರಕ್ಕೂ ಮಿಕ್ಕಿ ಕೂಸುಗಳ ಮೇಲೆ ನಡೆಸಿದ ಮರುಪರೀಕ್ಷೆಯಲ್ಲಿ ಆ ಒಲವು ಕಾಣಲಿಲ್ಲ. ಅರ್ಧ ಕೂಸುಗಳು ಅತ್ತ, ಅರ್ಧ ಇತ್ತ. ಈ ವ್ಯಾಜ್ಯ ಇನ್ನೂ ಮುಗಿದಿಲ್ಲ.

ಬದಲಾಯಿಸುವವರು

ರೂಢಿಯೇ ಅರಸು ಎಂದಮೇಲೆ ಅರಸನ ವಿರುದ್ಧ ದೂರು ಕೊಡುವುದೆಲ್ಲಿ? ನೀತಿಯ ಬಗೆಗಿನ ಈ ಎಲ್ಲ ಚರ್ಚೆಯಲ್ಲಿ ನಿಜವಾದ ತೊಡಕು ಇದೇ. ಊರಿನ ನೀತಿಯೇ ನೀತಿಯಾದರೆ, ಮೀನು ತಿನ್ನಬೇಕೆನಿಸಿದ ವಿಧವೆಗೆ ಮಾತೇ ಉಳಿಯುವುದಿಲ್ಲ.

ಟ್ಯೂರಿಯಲ್ ಮತ್ತು ಸೆಸಿಲಿಯಾ ವೈನ್ರಿಬ್ 1994ರಲ್ಲಿ ಇಸ್ರೇಲಿನ ಡ್ರೂಜ್ ಸಮುದಾಯದಲ್ಲಿ ಇದನ್ನೇ ಹುಡುಕಿದರು. ಮನೆಯ ಯಜಮಾನನ ಮಾತೇ ಅಂತಿಮವೆನ್ನುವ ಸಮಾಜ ಅದು. ಗಂಡನೋ ತಂದೆಯೋ ಬೇಡವೆಂದದ್ದನ್ನು ಹೆಂಡತಿ, ಮಗಳು ಮಾಡಬಹುದೇ ಎಂದು ಕೇಳಿದಾಗ, ಪಾಲಿಸಬೇಕು ಎಂದೇ ಹೆಂಗಸರೂ ಹೇಳಿದರು. ಅಲ್ಲಿಗೆ ನಿಲ್ಲಿಸಿದ್ದರೆ ಇಡೀ ಸಮುದಾಯಕ್ಕೆ ಒಂದೇ ನೀತಿಯೆಂದು ಬರೆದುಕೊಂಡು ಬರಬಹುದಿತ್ತು. ಹಾಗೆ ತಡೆಯುವುದು ನ್ಯಾಯವೇ ಎಂದು ಮುಂದೆ ಕೇಳಿದಾಗ, ಹೆಂಗಸರಲ್ಲಿ ಹೆಚ್ಚಿನವರು ಅಲ್ಲ ಎಂದರು. ಹಾಗಾದರೆ ಪಾಲಿಸುವುದೇಕೆ? ಇಲ್ಲವಾದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಗೆ ಹಾಕುತ್ತಾರೆ. ಮೇಲಿನವರಿಗೆ ಧರ್ಮವಾಗಿ ಕಂಡದ್ದು ಕೆಳಗಿನವರಿಗೆ ಲೆಕ್ಕಾಚಾರವಾಗಿತ್ತು. ಪಿಯಾಜೆಯ ಗೋಲಿಯಾಟದಲ್ಲಿದ್ದ ಸರೀಕತನ ಎಲ್ಲಿ ಇಲ್ಲವೋ ಅಲ್ಲಿ ಒಪ್ಪಿಗೆಗೂ ಮೌನಕ್ಕೂ ವ್ಯತ್ಯಾಸ ಹೊರಗಿನವರಿಗೆ ಕಾಣದು.

ಮೈಸೂರು ಮತ್ತು ಷಿಕಾಗೋ ಎರಡನ್ನೂ ಬಲ್ಲವರೊಬ್ಬರು ಈ ವಿಷಯದ ಮೇಲೆ ಬರೆದಿದ್ದಾರೆ. ಎ.ಕೆ. ರಾಮಾನುಜನ್ ಹುಟ್ಟಿದ್ದು 1929ರಲ್ಲಿ ಮೈಸೂರಿನಲ್ಲಿ. 1993ರಲ್ಲಿ ತೀರಿಕೊಳ್ಳುವವರೆಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪ್ರಾಧ್ಯಾಪಕರು. ಭಾರತೀಯವಾದ ಆಲೋಚನಾಕ್ರಮವೊಂದು ಇದೆಯೇ ಎಂದು ಕೇಳುವ ಅವರ ಇಂಗ್ಲಿಷ್ ಪ್ರಬಂಧ 1989ರಲ್ಲಿ ಅಚ್ಚಾಯಿತು. ಗಣಿತದ ಪ್ರಾಧ್ಯಾಪಕರಾಗಿದ್ದೂ ಜ್ಯೋತಿಷ್ಯವನ್ನು ಬಿಡದ ತಂದೆಯನ್ನು ಕಂಡು ಯುವಕ ರಾಮಾನುಜನ್ ಗೊಂದಲಕ್ಕೊಳಗಾಗಿದ್ದರು. ಪ್ರಬಂಧ ಅಲ್ಲಿಂದ ಬೆಳೆಯುತ್ತದೆ. ಪಶ್ಚಿಮದ ನೀತಿ ಸಂದರ್ಭವನ್ನು ಕಳಚಿಟ್ಟು ಎಲ್ಲರಿಗೂ ಒಂದೇ ಸೂತ್ರ ಹುಡುಕುತ್ತದೆ. ಭಾರತದ್ದು ಯಾರು, ಯಾರಿಗೆ, ಯಾವಾಗ, ಎಲ್ಲಿ ಎಂದು ಕೇಳಿಕೊಂಡು ಸಾಗುತ್ತದೆ. ಮನುವಿನ ಶಾಸ್ತ್ರದಲ್ಲಿ ಒಂದೇ ಬೈಗುಳಕ್ಕೆ ಬೈದವನ ಜಾತಿ ನೋಡಿ ಬೇರೆ ಬೇರೆ ದಂಡ. ಸಂದರ್ಭ ನೋಡಿ ಮನ್ನಿಸುವ ಮೈಸೂರಿನವರ ಔದಾರ್ಯ, ಜಾತಿ ನೋಡಿ ಶಿಕ್ಷಿಸುವ ಮನುವಿನ ಕ್ರೌರ್ಯ ಒಂದೇ ಬೇರಿನವು ಎಂಬುದು ಈ ಪ್ರಬಂಧವನ್ನು ಓದಿದಾಗ ಹೊಳೆಯುತ್ತದೆ.

ಇಂಥ ಸಮಾಜಗಳಲ್ಲಿ ಸಂದರ್ಭದ ಕಟ್ಟನ್ನು ಮುರಿಯುವ ಚಳವಳಿಗಳೂ ಒಳಗಿನಿಂದಲೇ ಏಳುತ್ತವೆ ಎಂದು ರಾಮಾನುಜನ್ ಹೇಳುತ್ತಾರೆ. ಅವರು ಕೊಡುವ ನಿದರ್ಶನ ಭಕ್ತಿ. ವಚನಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ಲೋಕಕ್ಕೆ ಪರಿಚಯಿಸಿದವರಿಗೆ ಇದು ದೂರದ ನಿದರ್ಶನವೇನಲ್ಲ.

ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಸೂತಕಗಳು ಐದು: ಜನನ, ಮರಣ, ರಜಸ್ಸು, ಎಂಜಲು ಮತ್ತು ಜಾತಿ. ಭುವನೇಶ್ವರದ ಮಕ್ಕಳು ಪಟ್ಟಿಯ ತುದಿಗೆ ಏರಿಸಿದ ತಪ್ಪು ಇವುಗಳಲ್ಲಿ ಎರಡನೆಯದಕ್ಕೆ ಸೇರಿದ್ದು. ಆ ಮಕ್ಕಳು ಕಲಿತಂತೆಯೇ ಶರಣರೂ ಬಾಲ್ಯದಲ್ಲಿ ಹಿರಿಯರಿಂದ ಸೂತಕವನ್ನು ಕಲಿತವರೇ. ಆಮೇಲೆ ಕಲ್ಯಾಣದಲ್ಲಿ, ಮಡಿವಾಳ ಮಾಚಯ್ಯನೂ ಅಂಬಿಗರ ಚೌಡಯ್ಯನೂ ಅಕ್ಕಮಹಾದೇವಿಯೂ ಕೂಡಿದ ಬಳಗದಲ್ಲಿ, ಸರೀಕರೊಡನೆ ಕುಳಿತಾಗ ಬೇರೆ ಮಾತು ಹುಟ್ಟಿತು. ಆ ಮಾತು ಮುಂದೆ ಎಲ್ಲ ಮನೆಗಳಲ್ಲಿಯೂ ಒಂದೇ ತೆರನಾಗಿ ಉಳಿಯಲಿಲ್ಲ. ಸೂತಕಗಳಲ್ಲಿ ಕೆಲವು ಹಿತ್ತಿಲ ಬಾಗಿಲಿನಿಂದ ಮರಳಿ ಬಂದವು. ಆದರೂ ಇಂದು ಕರ್ನಾಟಕದ ಒಂದೇ ಊರಿನ ಎರಡು ಬೀದಿಗಳಲ್ಲಿ ಎಂಟು ವರ್ಷದ ಮಕ್ಕಳನ್ನು ನಿಲ್ಲಿಸಿ, ತಂದೆ ಸತ್ತ ಮರುದಿನ ಕ್ಷೌರ ಮಾಡಿಸಿಕೊಂಡವನ ಕಥೆ ಹೇಳಿದರೆ ಎರಡು ಉತ್ತರಗಳು ಬರಬಹುದು. ಎರಡನ್ನೂ ಮಕ್ಕಳು ಹೇಳುವುದು ಒಂದೇ ಧೈರ್ಯದಿಂದ.